ಮಾಗಿಯ ಚಳಿಯಲ್ಲಿ ಆಫ್ರಿಕಾದ ಹೆಬ್ಬಾವು: ನೋಂದಣಿ ಉಂಟು, ಬೆಚ್ಚನೆಯ ಗೂಡಿಗೆ ನಿಯಮವಿಲ್ಲ

ಬೆಂಗಳೂರು: 2023ರ ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದ ವಾರಸುದಾರರಿಲ್ಲದ ಸಾಮಾನನ್ನು ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿದಾಗ ಒಳಗಿದ್ದದ್ದು 78 ಪ್ರಾಣಿಗಳು. ಅವುಗಳಲ್ಲಿ 17 ಕಾಳಿಂಗ ಸರ್ಪಗಳು. ಆರು ಕಪುಚಿನ್ ಕೋತಿಗಳು ಸತ್ತುಹೋಗಿದ್ದವು. ಉಳಿದ 55 ಬಾಲ್ ಪೈಥಾನ್‌ಗಳು, ಅಂದರೆ ರಾಯಲ್ ಪೈಥಾನ್ ಎಂದೂ ಕರೆಯಲಾಗುವ ಆಫ್ರಿಕಾದ ಪುಟ್ಟ ಹೆಬ್ಬಾವುಗಳು, ಬಗೆಬಗೆಯ ಬಣ್ಣಗಳಲ್ಲಿ, ಜೀವಂತವಾಗಿ ಸುರುಳಿ ಸುತ್ತಿಕೊಂಡಿದ್ದವು.

ಪತ್ರಿಕೆಗಳು ಸಹಜವಾಗಿಯೇ ಕಾಳಿಂಗಕ್ಕೆ ತಲೆಬರಹದಲ್ಲಿ ಜಾಗ ಕೊಟ್ಟವು. ಆದರೆ ಸಾಕುಪ್ರಾಣಿಗಳ ಕಳ್ಳಪೇಟೆಯ ನಿಜವಾದ ಸರಕು ಯಾವುದೆಂಬುದನ್ನು ಆ 55ರ ಸಂಖ್ಯೆಯೇ ಹೇಳುತ್ತಿತ್ತು. ಕಾಳಿಂಗವನ್ನು ಕೊಳ್ಳುವ ಮರುಳರು ವಿರಳ. ವಿಷವಿಲ್ಲದ, ಕಚ್ಚುವುದು ಅಪರೂಪವಾದ, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಹುದುಗಿಸಿಕೊಳ್ಳುವ, ಬೆಳೆದರೂ ನಾಲ್ಕೈದು ಅಡಿ ದಾಟದ ಹಾವಿಗೆ ಗಿರಾಕಿಗಳು ಬೇಕಾದಷ್ಟು. ಜೀವಂತ ಪ್ರಾಣಿಗಳನ್ನು ಸರ್ಕಾರ ಬಂದ ದೇಶಕ್ಕೇ ಮರಳಿ ಕಳುಹಿಸಿತು. ಹೀಗೆ ಸಿಕ್ಕಿಬೀಳದೆ ನಿಲ್ದಾಣದ ಬಾಗಿಲು ದಾಟಿದ ಹಾವುಗಳ ಪಾಡೇನು? ಅಥವಾ, ಕಾನೂನಿನ ಪ್ರಕಾರವೇ ಕೊಂಡು ನೋಂದಾಯಿಸಿದ ಹಾವು, ಸಿ.ವಿ. ರಾಮನ್ ನಗರದ ಯಾವುದೋ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಡಿಸೆಂಬರಿನ ರಾತ್ರಿಯನ್ನು ಹೇಗೆ ಕಳೆಯುತ್ತದೆ?

ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಆದರೆ ವಿದೇಶಿ ಪ್ರಾಣಿಗಳ ಸಾಕಣೆಯನ್ನು ಕಳೆದ ಕೆಲವು ವರ್ಷಗಳಲ್ಲಿ ಕಾನೂನಿನ ಚೌಕಟ್ಟಿಗೆ ತಂದ ಸರ್ಕಾರ ಯಾವುದನ್ನು ನೋಡಿತು, ಯಾವುದನ್ನು ನೋಡದೆ ಬಿಟ್ಟಿತು ಎಂಬುದು ಗೋಚರವಾಗುವುದು ಈ ಚಳಿಗಾಲದ ಪೆಟ್ಟಿಗೆಯೊಳಗೇ.

ಊರಿಗೆ ಹಿತ, ಹಾವಿಗೆ ಅಹಿತ

ಬೆಂಗಳೂರಿನ ಚಳಿಯನ್ನು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿಯುವ ಹೊತ್ತಿಗೆ ಸ್ವೆಟರುಗಳು ಹೊರಬರುತ್ತವೆ, ಶಿವರಾತ್ರಿಯ ಹೊತ್ತಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ನಗರದಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ 16 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ಮಧ್ಯಾಹ್ನ 27ರವರೆಗೆ ಏರುತ್ತದೆ. ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಮನುಷ್ಯರ ಮಟ್ಟಿಗೆ ಇದಕ್ಕಿಂತ ಹಿತವಾದ ಹವೆ ಬೇರೆಲ್ಲಿದೆ?

ರಾಯಲ್ ಪೈಥಾನ್‌ನ ತವರು ಘಾನಾ, ಟೋಗೊ, ಬೆನಿನ್ ಮುಂತಾದ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ದೇಶಗಳು. ಅಲ್ಲಿನ ಹುಲ್ಲುಗಾವಲು, ಹೊಲಗಳಲ್ಲಿ ಇಲಿಯ ಬಿಲವನ್ನೋ ಹುತ್ತವನ್ನೋ ಹೊಕ್ಕು ಹಗಲು ಕಳೆಯುವ ಹಾವಿದು. ಘಾನಾದ ರಾಜಧಾನಿ ಆಕ್ರಾದಲ್ಲಿ ವರ್ಷದ ಅತಿ ತಂಪಾದ ತಿಂಗಳಲ್ಲೂ ರಾತ್ರಿಯ ಉಷ್ಣಾಂಶ 22 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಹೊರಗೆ ಬಿಸಿಲು, ಒಣಗಾಳಿ ಏನೇ ಇದ್ದರೂ ಬಿಲದೊಳಗಿನ ಹವೆ ಹೆಚ್ಚು ಏರಿಳಿಯುವುದಿಲ್ಲ, ಒಣಗುವುದೂ ಇಲ್ಲ. ಬೆಂಗಳೂರಿನ ಫ್ಲಾಟಿನಲ್ಲಿ ಗಾಜಿನ ಪೆಟ್ಟಿಗೆ ಅನುಕರಿಸಬೇಕಾದದ್ದು ಆಫ್ರಿಕಾದ ಬಯಲನ್ನಲ್ಲ, ಆ ಬಿಲವನ್ನು.

ಅನುಭವಿ ಸಾಕಣೆದಾರರೂ ಸರೀಸೃಪ ವೈದ್ಯರೂ ಸಾಮಾನ್ಯವಾಗಿ ಒಪ್ಪುವ ಅಂಕಿಗಳಿವೆ. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಬೆಚ್ಚಗಿರಬೇಕು. ಇನ್ನೊಂದು ತುದಿ 25-26 ಡಿಗ್ರಿಯಷ್ಟು ತಂಪಾಗಿರಬೇಕು. ರಾತ್ರಿಯಲ್ಲೂ 24ಕ್ಕಿಂತ ಕೆಳಗಿಳಿಯಬಾರದು. ಗಾಳಿಯ ತೇವಾಂಶ ಶೇ 55ರಿಂದ 65ರಷ್ಟು, ಪೊರೆ ಬಿಡುವ ದಿನಗಳಲ್ಲಿ ಶೇ 70ರ ಹತ್ತಿರ ಇರಬೇಕು. ಎರಡು ತುದಿಗಳ ನಡುವಿನ ಈ ವ್ಯತ್ಯಾಸ ಅಲಂಕಾರಕ್ಕಲ್ಲ. ಹಾವು ತನ್ನ ದೇಹದೊಳಗೆ ಶಾಖವನ್ನು ಉತ್ಪಾದಿಸಿಕೊಳ್ಳಲಾರದು. ಉಂಡಾಗ ಬಿಸಿಯ ಕಡೆಗೆ, ಸಾಕೆನಿಸಿದಾಗ ತಂಪಿನ ಕಡೆಗೆ ಹರಿದುಹೋಗಿಯೇ ಅದು ತನ್ನ ಮೈಯನ್ನು ಹದಗೊಳಿಸಿಕೊಳ್ಳಬೇಕು.

ಇಲ್ಲೊಂದು ಸ್ವಾರಸ್ಯವುಂಟು. ನಮ್ಮ ಕಾಡುಗಳ ಹೆಬ್ಬಾವಿನ ಹೆಣ್ಣು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಸ್ನಾಯುಗಳನ್ನು ಅದುರಿಸಿ, ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಬಿಸಿಯನ್ನು ಹುಟ್ಟಿಸಿಕೊಳ್ಳಬಲ್ಲದು. ಆಫ್ರಿಕಾದ ಈ ಸೋದರಿಗೆ ಆ ವಿದ್ಯೆ ಒಲಿದಿಲ್ಲ. ಅದೂ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ, ಆದರೆ ಬಿಸಿ ಹುಟ್ಟಿಸುವುದಿಲ್ಲ. ಚಳಿಯನ್ನು ಎದುರಿಸುವ ಅಗತ್ಯವೇ ಬೀಳದ ನಾಡಿನಲ್ಲಿ ವಿಕಾಸಗೊಂಡ ಜೀವವದು.

ಸಿ.ವಿ. ರಾಮನ್ ನಗರ, ಕಗ್ಗದಾಸಪುರ, ನಾಗವಾರಪಾಳ್ಯದ ಬೀದಿಗಳಲ್ಲಿ ಹಾವುಗಳಿಗೆ ಬರವಿಲ್ಲ. ಕೆರೆಯಂಚಿನ ಕೇರೆಹಾವು, ನೀರುಹಾವು, ಖಾಲಿ ನಿವೇಶನದ ನಾಗರಹಾವು ಆಗಾಗ ಮನೆಯಂಗಳಕ್ಕೆ ಬಂದು ಹಾವು ಹಿಡಿಯುವವರಿಗೆ ಕರೆ ಹೋಗುವುದುಂಟು. ಅವೆಲ್ಲ ಈ ಊರಿನ ಚಳಿಗೆ ಒಗ್ಗಿದವು. ತಂಪಾದರೆ ಕಲ್ಲುಸಂದಿ ಹೊಕ್ಕು ಉಪವಾಸ ಬೀಳುತ್ತವೆ, ಬಿಸಿಲು ಬಂದರೆ ಹೊರಬಂದು ಮೈ ಕಾಯಿಸಿಕೊಳ್ಳುತ್ತವೆ. ಪೆಟ್ಟಿಗೆಯೊಳಗಿನ ಅತಿಥಿಗೆ ಹೊಕ್ಕಲು ಸಂದಿಯೂ ಇಲ್ಲ, ಕಾಯಿಸಿಕೊಳ್ಳಲು ಬಿಸಿಲೂ ಇಲ್ಲ. ಒಡೆಯ ಕೊಟ್ಟದ್ದೇ ಹವೆ.

ಬಿಸಿ ಮಾಡಿದಷ್ಟೂ ಒಣಗುವ ಗಾಳಿ

ಚಳಿಯೆಂದರೆ ಬಿಸಿ ಮಾಡಿದರಾಯಿತು ಎಂದುಕೊಳ್ಳುವಲ್ಲಿಯೇ ಹೊಸ ಸಾಕಣೆದಾರರು ಎಡವುತ್ತಾರೆ. ಏಕೆಂದರೆ ಬಿಸಿ ಮತ್ತು ತೇವ ಬೇರೆ ಬೇರೆ ಸಮಸ್ಯೆಗಳಲ್ಲ, ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ.

ಜನವರಿಯ ಒಂದು ಮುಂಜಾನೆಯನ್ನು ತೆಗೆದುಕೊಳ್ಳಬಹುದು. ಉಷ್ಣಾಂಶ 16 ಡಿಗ್ರಿ, ತೇವಾಂಶ ಶೇ 80. ಕಿಟಕಿಯ ಗಾಜಿನ ಮೇಲೆ ಮಂಜು, ಹೊರಗೆ ಇಬ್ಬನಿ. ಇಷ್ಟು ತೇವವಿರುವಾಗ ಒಣಗುವ ಚಿಂತೆ ಏಕೆ ಎನಿಸುತ್ತದೆ. ಆದರೆ 16 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಹದಿಮೂರೂವರೆ ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಶೇ 80 ಎಂದರೆ ಅದರಲ್ಲಿರುವುದು ಸುಮಾರು 11 ಗ್ರಾಂ. ಅದೇ ಗಾಳಿ ಪೆಟ್ಟಿಗೆಯೊಳಗೆ ಸೇರಿ 31 ಡಿಗ್ರಿಗೆ ಬಿಸಿಯಾದಾಗ ಅದರ ಹಿಡಿಯುವ ಶಕ್ತಿ 32 ಗ್ರಾಂಗೆ ಏರುತ್ತದೆ. ನೀರು ಮಾತ್ರ ಅಷ್ಟೇ. ಅಂದರೆ ಹೊರಗೆ ಶೇ 80ರಷ್ಟಿದ್ದ ತೇವಾಂಶ ಒಳಗೆ ಶೇ 32ಕ್ಕೆ ಕುಸಿಯುತ್ತದೆ. ಹಾವಿಗೆ ಬೇಕಾದದ್ದರ ಅರ್ಧ. ಮಧ್ಯಾಹ್ನ 27 ಡಿಗ್ರಿ, ಶೇ 40 ತೇವಾಂಶದ ಒಣಹವೆಯಲ್ಲಿ ಲೆಕ್ಕ ಹಾಕಿದರೂ ಉತ್ತರ ಹೆಚ್ಚು ಕಡಿಮೆ ಅದೇ. ಮುಂಜಾನೆ ಮಂಜಿದ್ದರೂ ಮಧ್ಯಾಹ್ನ ಬಿಸಿಲಿದ್ದರೂ ಮಾಗಿಯ ಬೆಂಗಳೂರಿನ ಗಾಳಿಯಲ್ಲಿರುವ ನೀರಿನ ಪ್ರಮಾಣ ಬಹುತೇಕ ಒಂದೇ ಆಗಿರುವುದು ಇದಕ್ಕೆ ಕಾರಣ.

ಈ ಒಣಗಾಳಿಯ ಪರಿಣಾಮ ಮೊದಲು ಕಾಣುವುದು ಪೊರೆಯಲ್ಲಿ. ಆರೋಗ್ಯವಂತ ಹಾವು ಪೊರೆಯನ್ನು ಮೂಗಿನ ತುದಿಯಿಂದ ಬಾಲದವರೆಗೆ ಕಾಲುಚೀಲ ಮಗುಚಿದಂತೆ ಒಂದೇ ತುಂಡಾಗಿ ಕಳಚುತ್ತದೆ. ತೇವ ಸಾಲದಿದ್ದರೆ ಅದು ಚೂರುಚೂರಾಗಿ ಮೈಗಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಬಳೆಯಂತೆ ಉಳಿದ ಪೊರೆ ರಕ್ತಸಂಚಾರವನ್ನೇ ತಡೆಯಬಹುದು. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣಿನ ಮೇಲಿರುವ ಪಾರದರ್ಶಕ ಹೊದಿಕೆಯೂ ಪೊರೆಯ ಜೊತೆಗೇ ಕಳಚಬೇಕು. ಅದು ಉಳಿದುಕೊಂಡಾಗ ಗಾಬರಿಯಿಂದ ಚಿಮುಟದಲ್ಲಿ ಕೀಳಲು ಹೋಗಿ ಕಣ್ಣನ್ನೇ ಕಳೆದವರುಂಟು.

ಹಾಗೆಂದು ದಿನಕ್ಕೆ ನಾಲ್ಕು ಬಾರಿ ನೀರು ಚಿಮುಕಿಸುವುದು ಪರಿಹಾರವಲ್ಲ. ಚಿಮುಕಿಸಿದ ಗಳಿಗೆಯಲ್ಲಿ ಮಾಪಕದ ಅಂಕಿ ಏರುತ್ತದೆ, ತಾಸಿನಲ್ಲಿ ಇಳಿಯುತ್ತದೆ. ನೀರು ಮಾತ್ರ ತಳಕ್ಕಿಳಿದು ಹಾಸಿಗೆಯನ್ನು ತೋಯಿಸುತ್ತದೆ. ಒದ್ದೆ ಹಾಸಿಗೆಯ ಮೇಲೆ ಸದಾ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳು ಕೊಳೆಯಲಾರಂಭಿಸುತ್ತವೆ. ಪೆಟ್ಟಿಗೆ ತಣ್ಣಗೂ ಒದ್ದೆಯಾಗಿಯೂ ಇದ್ದರಂತೂ ಒಣಗಾಳಿಗಿಂತಲೂ ಕೇಡು. ಗಾಳಿಯಲ್ಲಿ ತೇವ, ಮೈಯಡಿಯಲ್ಲಿ ಒಣ ಎಂಬುದೇ ಇಲ್ಲಿಯ ಗುಟ್ಟು.

ಇದಕ್ಕೆ ಬೇಕಾದ ಸಾಮಗ್ರಿ ದುಬಾರಿಯದೂ ಅಲ್ಲ, ವಿದೇಶದ್ದೂ ಅಲ್ಲ. ತುಮಕೂರು, ಹಾಸನದ ತೆಂಗಿನ ಸೀಮೆಯ ನಾರಿನಿಂದ ತಯಾರಾಗುವ, ತಾರಸಿ ತೋಟದವರೆಲ್ಲ ಬಲ್ಲ ಕೋಕೋಪೀಟ್ ಮತ್ತು ತೆಂಗಿನ ಸಿಪ್ಪೆಯ ಚೂರು ಮೂರ್ನಾಲ್ಕು ಅಂಗುಲ ದಪ್ಪಕ್ಕೆ ಹಾಸಿದರೆ ಅದು ತಳದಲ್ಲಿ ನೀರು ಹಿಡಿದು ಮೇಲ್ಪದರವನ್ನು ಒಣದಾಗಿಡುತ್ತದೆ. ಮೂಲೆಯಲ್ಲಿ ನೀರು ಸುರಿದರೆ ಸಾಕು, ಮೇಲಿನಿಂದ ಚಿಮುಕಿಸಬೇಕಿಲ್ಲ. ಅಗಲ ಬಾಯಿಯ ನೀರಿನ ಬೋಗುಣಿಯನ್ನು ಬೆಚ್ಚನೆಯ ತುದಿಗೆ ಸರಿಸಿದರೆ ಆವಿ ತಾನಾಗಿ ಏಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳ. ಅಂಗಡಿಯಲ್ಲಿ ಸಿಗುವ ಮೀನಿನ ತೊಟ್ಟಿಯ ಮೇಲೆ ತಂತಿ ಜಾಲರಿ ಹೊದಿಸಿದ ಪೆಟ್ಟಿಗೆಯಲ್ಲಿ ಬಿಸಿಯೂ ತೇವವೂ ಚಿಮಣಿಯಲ್ಲಿ ಹೋದಂತೆ ಮೇಲೆ ಹೋಗುತ್ತವೆ. ಆ ಜಾಲರಿಯ ಮುಕ್ಕಾಲು ಪಾಲನ್ನು ಮುಚ್ಚಿದರೆ ಅರ್ಧ ಸಮಸ್ಯೆ ಅಲ್ಲಿಗೇ ನಿಲ್ಲುತ್ತದೆ. ಗಾಳಿಯಾಡಲು ಉಳಿದ ಕಾಲು ಪಾಲು ಧಾರಾಳವಾಯಿತು.

ಎಂಜಿನಿಯರುಗಳ ಬಡಾವಣೆಯಲ್ಲಿ ಒಂದು ಥರ್ಮೋಸ್ಟಾಟ್

ಬಿಸಿಯ ವಿಚಾರದಲ್ಲಿ ಅಪಾಯ ಇನ್ನೂ ನೇರವಾದದ್ದು. ಪೆಟ್ಟಿಗೆಯ ಅಡಿಗೆ ಅಂಟಿಸುವ ಬಿಸಿ ಚಾಪೆ, ಮೇಲಿನಿಂದ ಬೆಳಕಿಲ್ಲದೆ ಶಾಖ ಸೂಸುವ ಸೆರಾಮಿಕ್ ಬಲ್ಬು, ಇವೆರಡೇ ಸಾಮಾನ್ಯವಾಗಿ ಬಳಕೆಯಲ್ಲಿರುವ ಸಾಧನಗಳು. ಇವೆರಡಕ್ಕೂ ಸ್ವಂತ ವಿವೇಚನೆಯಿಲ್ಲ. ಕರೆಂಟ್ ಇರುವಷ್ಟು ಹೊತ್ತು ಬಿಸಿಯೇರುತ್ತಲೇ ಹೋಗುತ್ತವೆ. ನಿಯಂತ್ರಣವಿಲ್ಲದ ಚಾಪೆಯ ಮೇಲಿನ ಗಾಜು 45 ಡಿಗ್ರಿ ದಾಟಬಲ್ಲದು. ಮೇಲಿನ ಗಾಳಿ ತಣ್ಣಗಿರುವಾಗ ಹಾವು ಆ ಬಿಸಿಯನ್ನು ಬಿಟ್ಟೇಳದೆ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಚುರುಕು ಮುಟ್ಟಿದರೆ ಸರಿದುಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸರಿಯುವುದಿಲ್ಲ ಎಂಬುದಕ್ಕೆ ಸುಟ್ಟಗಾಯಗಳೇ ಸಾಕ್ಷಿ. ಹಾವಿನೊಡನೆ ಪೆಟ್ಟಿಗೆಯೊಳಗೇ ಇರುವ ಬರಿಯ ಬಲ್ಬಿಗೆ ಅದು ಸುತ್ತಿಕೊಂಡರೆ ಕಥೆ ಮುಗಿದಂತೆ.

ಆದ್ದರಿಂದ ಬಿಸಿ ಚಾಪೆಗಿಂತ ಮೊದಲು ಕೊಳ್ಳಬೇಕಾದದ್ದು ಥರ್ಮೋಸ್ಟಾಟ್. ಅದರ ಸಂವೇದಕವನ್ನು ಹಾವು ಮಲಗುವ ಜಾಗದಲ್ಲೇ ಇಡಬೇಕು, ಮುಚ್ಚಳದ ಬಳಿಯಲ್ಲಲ್ಲ. ಎಲ್‌ಆರ್‌ಡಿಇ, ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಂಥ ಡಿಆರ್‌ಡಿಒ ಪ್ರಯೋಗಾಲಯಗಳೂ ಬಾಗ್ಮನೆ ಟೆಕ್ ಪಾರ್ಕೂ ಇರುವ, ಭೌತವಿಜ್ಞಾನದ ನೊಬೆಲ್ ಪುರಸ್ಕೃತರ ಹೆಸರನ್ನೇ ಹೊತ್ತಿರುವ ಬಡಾವಣೆಯಲ್ಲಿ ಸಂವೇದಕ, ನಿಯಂತ್ರಕಗಳ ಪಾಠವನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೂ ಮಾರುವವನು ಹಾವಿನ ಜೊತೆ ಚಾಪೆಯನ್ನೂ ಬಲ್ಬನ್ನೂ ಕಟ್ಟಿಕೊಡುತ್ತಾನೆ, ನಿಯಂತ್ರಕವನ್ನು ‘ಬೇಕಿದ್ದರೆ’ ಎನ್ನುತ್ತಾನೆ. ಡಿಜಿಟಲ್ ಉಷ್ಣಮಾಪಕ ಮತ್ತು ತೇವಮಾಪಕಗಳ ಗತಿಯೂ ಅಷ್ಟೇ.

ಖರ್ಚಿನ ಮಾತು ಹೇಳುವುದಾದರೆ, 20 ವಾಟ್‌ನ ಚಾಪೆ ಹಗಲಿರುಳು ಉರಿದರೂ ತಿಂಗಳಿಗೆ 15 ಯೂನಿಟ್ ದಾಟುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ನೆರಳಿನಲ್ಲಿ ಆಫ್ರಿಕಾದ ಹಾವೊಂದು ಬೆಚ್ಚಗೆ ಮಲಗಿದ್ದರೆ ಅದೂ ಒಂದು ಸೋಜಿಗವೇ! ತೊಂದರೆಯಿರುವುದು ವಿದ್ಯುತ್ ಹೋದಾಗ. ದುರಸ್ತಿಗಾಗಿ ಬೆಸ್ಕಾಂ ಮೊದಲೇ ಪ್ರಕಟಿಸುವ ನಿಲುಗಡೆ ಸಾಮಾನ್ಯವಾಗಿ ಹಗಲಿನದು, ಅದರಿಂದ ಅಷ್ಟು ಬಾಧಕವಿಲ್ಲ. ರಾತ್ರಿ ಹೇಳದೆ ಕೇಳದೆ ಹೋದರೆ ಗಾಜಿನ ಪೆಟ್ಟಿಗೆ ಬೇಗನೆ ಕೋಣೆಯ ಉಷ್ಣಾಂಶಕ್ಕಿಳಿಯುತ್ತದೆ. ಇಷ್ಟು ಕಡಿಮೆ ವಾಟ್‌ನ ಚಾಪೆಯನ್ನು ಮನೆಯ ಯುಪಿಎಸ್‌ಗೆ ಜೋಡಿಸುವುದು ಕಷ್ಟವಲ್ಲ. ಪೆಟ್ಟಿಗೆಯ ಮೂರು ಬದಿಗೆ ಥರ್ಮೋಕೋಲ್ ಹೊದಿಸಿದರೂ ಶಾಖ ನಿಲ್ಲುತ್ತದೆ. ಕೆಲವು ತಾಸುಗಳ ತಂಪಿನಿಂದ ಹಾವು ಸಾಯುವುದಿಲ್ಲ. ಸಾಯುವುದು ವಾರಗಟ್ಟಲೆ 20 ಡಿಗ್ರಿಯ ಆಸುಪಾಸಿನಲ್ಲಿ ಬಿದ್ದಿದ್ದರೆ.

ಕೂಗದ ರೋಗಿ

ನಾಯಿ ನರಳುತ್ತದೆ, ಬೆಕ್ಕು ಮೂಲೆ ಸೇರುತ್ತದೆ. ಹಾವಿಗೆ ಆ ಭಾಷೆಯಿಲ್ಲ. ತಂಪಿನಲ್ಲಿ ಅದರ ಜೀರ್ಣಶಕ್ತಿ ನಿಧಾನಿಸಿ, ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ. ರೋಗನಿರೋಧಕ ಶಕ್ತಿ ಕುಂದಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಹಾವಿಗೆ ವಪೆಯಿಲ್ಲ, ಆದ್ದರಿಂದ ಕೆಮ್ಮಿ ಕಫ ಹೊರಹಾಕುವುದು ಅದಕ್ಕೆ ಅಸಾಧ್ಯ. ಬಾಯಿ ತೆರೆದು ಉಸಿರಾಡುವುದು, ತಲೆಯನ್ನು ಮೇಲೆತ್ತಿ ಹಿಡಿಯುವುದು, ಮೂಗಿನಂಚಿನಲ್ಲಿ ಗುಳ್ಳೆ, ಸಣ್ಣ ಸೀಟಿಯಂಥ ಸದ್ದು, ಇಷ್ಟು ಕಂಡುಬರುವ ಹೊತ್ತಿಗೆ ರೋಗ ಬಲಿತಿರುತ್ತದೆ. ಔಷಧ ಕೊಟ್ಟರೂ ಮೈ ಬೆಚ್ಚಗಿಲ್ಲದಿದ್ದರೆ ಅದು ನೆಟ್ಟಗೆ ಕೆಲಸ ಮಾಡದು.

ಇನ್ನೊಂದು ಗೊಂದಲವೂ ಇದೆ. ರಾಯಲ್ ಪೈಥಾನ್ ಚಳಿಗಾಲದಲ್ಲಿ ವಾರಗಳಲ್ಲ, ತಿಂಗಳುಗಟ್ಟಲೆ ಉಣ್ಣದೆ ಇರುವುದುಂಟು. ಆರೋಗ್ಯವಂತ ಬೆಳೆದ ಹಾವಿಗೆ ಅದರಿಂದ ತೂಕವೂ ಹೆಚ್ಚು ಇಳಿಯುವುದಿಲ್ಲ. ಹಾಗಾಗಿ ಉಪವಾಸವನ್ನು ಕಂಡು ಗಾಬರಿಯಾಗುವುದೂ ತಪ್ಪು, ‘ಚಳಿಗಾಲವಲ್ಲವೇ’ ಎಂದು ಸುಮ್ಮನಿರುವುದೂ ತಪ್ಪು. ಅಡುಗೆಮನೆಯ ತಕ್ಕಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡುವುದೊಂದೇ ಎರಡನ್ನೂ ಬೇರ್ಪಡಿಸುವ ದಾರಿ. ತೂಕ ನಿಂತಿದ್ದರೆ ಉಪವಾಸ, ಇಳಿಯುತ್ತಿದ್ದರೆ ರೋಗ.

ತೋರಿಸಲು ವೈದ್ಯರೆಲ್ಲಿ ಎಂಬುದು ಮುಂದಿನ ಪ್ರಶ್ನೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ರಾಜ್ಯಕ್ಕೆ ವೈದ್ಯರನ್ನು ಕೊಡುತ್ತಿದೆ, ಆದರೆ ಈ ಶಿಕ್ಷಣದ ಬೆನ್ನೆಲುಬು ದನ, ಕುರಿ, ಕೋಳಿ, ನಾಯಿಗಳೇ. ಅದರಲ್ಲಿ ಆಶ್ಚರ್ಯವೂ ಇಲ್ಲ. ಸರೀಸೃಪಗಳನ್ನು ನಿತ್ಯ ನೋಡುವ ವೈದ್ಯರು ಬೆಂಗಳೂರಿನಲ್ಲೂ ಬೆರಳೆಣಿಕೆಯವರು. ಹಾವನ್ನು ಕೊಂಡವನ ಬಳಿ ಕಾಗದಪತ್ರವಿಲ್ಲದಿದ್ದರೆ ಆ ಕೆಲವರ ಬಾಗಿಲನ್ನು ತಟ್ಟಲೂ ಅವನು ಹೆದರುತ್ತಾನೆ. ಕಳ್ಳಸಾಗಣೆಯ ಹಾವು ಪೆಟ್ಟಿಗೆಯೊಳಗೇ ಕಾಯಿಲೆ ಬಿದ್ದು ಸಾಯುವುದು ಹೀಗೆ.

ಕಾನೂನು ಎಣಿಸಿತು, ಒಳಗೆ ಇಣುಕಲಿಲ್ಲ

2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ವಿದೇಶಿ ಪ್ರಾಣಿಗಳ ಒಡೆಯರಿಗೆ ಸ್ವಯಂ ಘೋಷಣೆಯ ಅವಕಾಶ ಕೊಟ್ಟಿತು. ಆರು ತಿಂಗಳೊಳಗೆ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲವೆಂಬ ಭರವಸೆ ಅದರಲ್ಲಿತ್ತು. ಬಳಿಕ 2022ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆಯು ಸೈಟೀಸ್ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. ರಾಯಲ್ ಪೈಥಾನ್ ಆ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಕಾಯ್ದೆಯ 49ಎಂ ಕಲಮಿನಡಿ 2024ರ ಫೆಬ್ರುವರಿಯಲ್ಲಿ ನಿಯಮಗಳು ಹೊರಬಂದವು. ಅಂಥ ಪ್ರಾಣಿಗಳನ್ನು ಹೊಂದಿದ್ದವರು ಆ ವರ್ಷದ ಆಗಸ್ಟ್ 28ರೊಳಗೆ ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸಬೇಕಾಗಿತ್ತು. ಆಮೇಲೆ ಪಡೆದವರಿಗೆ 30 ದಿನಗಳ ಗಡುವು. ಹುಟ್ಟು, ಸಾವು, ಹಸ್ತಾಂತರ ಎಲ್ಲವನ್ನೂ ತಿಳಿಸಬೇಕು. ನಮ್ಮ ದೇಶದ ಹೆಬ್ಬಾವಿನ ಮಾತು ಬೇರೆ. ಅದು ಮೊದಲನೆಯ ಅನುಸೂಚಿಯದು, ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ.

ನೋಂದಣಿ ಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಬೆಂಗಳೂರಿನ ತೋಟದ ಮನೆಯೊಂದರ ಮೇಲೆ ದಾಳಿ ಮಾಡಿದಾಗ 48 ಪ್ರಭೇದಗಳ 139 ಪ್ರಾಣಿಗಳು ಸಿಕ್ಕಿದ್ದವು, ಅವುಗಳಲ್ಲಿ ಬಾಲ್ ಪೈಥಾನ್‌ಗಳೂ ಇದ್ದವು. ಅವೆಲ್ಲವೂ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಹೋದವು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಮಾನ ನಿಲ್ದಾಣದಲ್ಲಿ 234 ಪ್ರಾಣಿಗಳು, 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಗಳು ಸಿಕ್ಕಿಬಿದ್ದವು. ಲೆಕ್ಕವೇ ಇಲ್ಲದ ಕಡೆ ಕಳ್ಳಮಾಲನ್ನೂ ಸಾಚಾ ಮಾಲನ್ನೂ ಬೇರ್ಪಡಿಸುವುದಾದರೂ ಹೇಗೆ?

ಆದರೆ ಲೆಕ್ಕ ಇಡುವುದಕ್ಕೂ ಪಾಲನೆಗೂ ನಡುವೆ ದೊಡ್ಡ ಕಂದರವಿದೆ. 49ಎಂ ಕಲಮು ಪ್ರಾಣಿ ಯಾರ ಬಳಿಯಿದೆ ಎಂದು ಕೇಳುತ್ತದೆ, ಅದನ್ನು ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದೀರಿ ಎಂದು ಕೇಳುವುದಿಲ್ಲ. ಸಾಕುಪ್ರಾಣಿ ಅಂಗಡಿಗಳಿಗೆಂದೇ 2018ರಲ್ಲಿ ರೂಪಿಸಿದ ನಿಯಮಗಳಲ್ಲಿ ಪಂಜರ, ಸ್ಥಳಾವಕಾಶ, ಆರೈಕೆಯ ಪ್ರಸ್ತಾಪವಿದೆ. ಆದರೆ ‘ಸಾಕುಪ್ರಾಣಿ’ಯ ವ್ಯಾಖ್ಯೆಯಲ್ಲಿ ಹೆಸರಿಸಿರುವುದು ನಾಯಿ, ಬೆಕ್ಕು, ಮೊಲ, ಗಿನಿ ಇಲಿ, ಹ್ಯಾಮ್‌ಸ್ಟರ್, ಇಲಿ ಜಾತಿಯ ಪ್ರಾಣಿಗಳು ಮತ್ತು ಪಂಜರದ ಪಕ್ಷಿಗಳನ್ನು. ಹಾವಿನ ಹೆಸರಿಲ್ಲ. ಹಾವಿಗೆ ಆಹಾರವಾಗುವ ಇಲಿಗೆ ವ್ಯಾಖ್ಯೆಯಲ್ಲಿ ಜಾಗವಿದ್ದು, ಹಾವಿಗೆ ಇಲ್ಲದಿರುವುದು ವಿಪರ್ಯಾಸ! ಇನ್ನುಳಿದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೆಯ ಕಲಮು ಅನಗತ್ಯ ನೋವನ್ನು ಅಪರಾಧವೆನ್ನುತ್ತದೆ. ಆದರೆ 20 ಡಿಗ್ರಿಯ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಸುರುಳಿ ಸುತ್ತಿಕೊಂಡ ಹಾವು ನೋವಿನಲ್ಲಿದೆ ಎಂದು ದೂರು ಕೊಡುವವರು ಯಾರು, ಸಾಬೀತುಪಡಿಸುವುದು ಯಾವ ಅಳತೆಯಿಂದ?

ಅಳತೆ ಇಲ್ಲದಿಲ್ಲ. ಬೆಚ್ಚನೆಯ ತುದಿಯ ಉಷ್ಣಾಂಶ, ತಂಪಿನ ತುದಿಯ ಉಷ್ಣಾಂಶ, ತೇವಾಂಶ, ತೂಕ ಎಂಬ ನಾಲ್ಕೇ ನಾಲ್ಕು ಅಂಕಿಗಳು. ನೋಂದಣಿ ಅರ್ಜಿಯೊಂದಿಗೆ ಪ್ರಭೇದಕ್ಕೆ ತಕ್ಕ ಒಂದು ಪುಟದ ಕನ್ನಡ ಕೈಪಿಡಿ ಕೊಟ್ಟು, ಈ ನಾಲ್ಕನ್ನು ಚಳಿಗಾಲದಲ್ಲಿ ಬರೆದಿಡಬೇಕೆಂದು ಷರತ್ತು ಹಾಕುವುದು ಮಲ್ಲೇಶ್ವರದ ಅರಣ್ಯ ಭವನಕ್ಕೆ ಅಸಾಧ್ಯದ ಕೆಲಸವಲ್ಲ. ಹೀಗೆ ಮಾಡಿದರೆ ಹಾವು ಸಾಕುವುದನ್ನು ಸರ್ಕಾರವೇ ಪ್ರೋತ್ಸಾಹಿಸಿದಂತೆ ಎಂಬ ಆಕ್ಷೇಪ ಪ್ರಾಣಿದಯಾ ವಲಯದಿಂದ ಬರುವುದು ಖಚಿತ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆಫ್ರಿಕಾದಿಂದ ಅತಿ ಹೆಚ್ಚು ಸಂಖ್ಯೆಯಲ್ಲಿ ಜೀವಂತವಾಗಿ ರಫ್ತಾಗುವ ಸೈಟೀಸ್ ಪ್ರಾಣಿಗಳಲ್ಲಿ ಇದು ಮುಂಚೂಣಿಯಲ್ಲಿದೆ, ತವರಿನಲ್ಲಿ ಇದರ ಸಂತತಿ ಅಪಾಯದ ಅಂಚಿಗೆ ಸರಿಯುತ್ತಿದೆಯೆಂದು ಐಯುಸಿಎನ್ ಗುರುತಿಸಿದೆ. ಆದರೆ ಈಗಾಗಲೇ ನೋಂದಣಿಯಾದ ಹಾವುಗಳನ್ನು ಏನು ಮಾಡುವುದು? ಇವನ್ನು ಕಗ್ಗದಾಸಪುರದ ಕೆರೆಯಂಚಿನಲ್ಲಿ ಬಿಟ್ಟರೆ ಹಾವಿಗೂ ಊರಿಗೂ ದ್ರೋಹ. ಬನ್ನೇರುಘಟ್ಟವಾದರೂ ಎಷ್ಟನ್ನು ಹೊತ್ತೀತು? ಸಾಕಲು ಅನುಮತಿ ಕೊಟ್ಟ ಮೇಲೆ ಹೇಗೆ ಸಾಕಬೇಕೆಂದು ಹೇಳದಿರುವುದು ತಟಸ್ಥತೆಯಲ್ಲ, ಹೊಣೆಗೇಡಿತನ.

ಕೊಳ್ಳುವವರು ಗಮನಿಸದ ಇನ್ನೊಂದು ಅಂಕಿಯಿದೆ. ಸರಿಯಾಗಿ ಸಾಕಿದರೆ ಈ ಹಾವು 20-30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದಿದ್ದ ಹೆಣ್ಣು ಬಾಲ್ ಪೈಥಾನ್ ಒಂದು 2020ರಲ್ಲಿ, ಅರವತ್ತು ದಾಟಿದ ಪ್ರಾಯದಲ್ಲಿ, ಗಂಡಿನ ಸಂಗವಿಲ್ಲದೆಯೇ ಏಳು ಮೊಟ್ಟೆಗಳನ್ನಿಟ್ಟು ಸುದ್ದಿಯಾಗಿತ್ತು. ಸಿ.ವಿ. ರಾಮನ್ ನಗರದ ಬಾಡಿಗೆ ಫ್ಲಾಟಿನಲ್ಲಿ 11 ತಿಂಗಳ ಕರಾರಿನ ಮೇಲೆ ಇರುವ, ನಾಳೆ ಹೈದರಾಬಾದಿಗೋ ಸಿಂಗಪುರಕ್ಕೋ ವರ್ಗವಾಗಬಹುದಾದ ತರುಣ ಉದ್ಯೋಗಿಗೆ ಮಾರಾಟಗಾರ ಇದನ್ನು ಹೇಳಿರುವುದಿಲ್ಲ.

ಚಳಿ ಹೋಯಿತೆಂದು ತೇವಮಾಪಕವನ್ನು ಪೆಟ್ಟಿಗೆಯಿಂದ ತೆಗೆಯುವಂತೆಯೂ ಇಲ್ಲ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬೆಂಗಳೂರಿನ ಮಧ್ಯಾಹ್ನದ ಗಾಳಿ ವರ್ಷದಲ್ಲೇ ಅತಿ ಒಣದಾಗಿರುತ್ತದೆ. ಶಿವರಾತ್ರಿಯ ಹೊತ್ತಿಗೆ ಬಿಸಿ ಚಾಪೆಯ ಕೆಲಸ ಕಡಿಮೆಯಾಗುತ್ತದೆ, ನೀರಿನ ಬೋಗುಣಿಯ ಕೆಲಸ ಮೊದಲ ಮಳೆ ಬೀಳುವವರೆಗೂ ಮುಂದುವರಿಯುತ್ತದೆ.